ಚಾಕಿಗೊಂದು ಒರೆ

“ಮಗೂ, ನನ್ನ ಕೈಯಲ್ಲಿ ಕಸುವು ಹೋಯಿತು ಕಣೋ. ನಾಳೆಯಿಂದ ಹುರುಳಿಕಾಯಿ ನನ್ನ ಮುಂದೆ ಇಡಬೇಡ ಅಂತ ಅವಳಿಗೆ ಹೇಳು.”

ಆಷಾಢದ ಒಂದು ಭಾನುವಾರ ಬೆಳಿಗ್ಗೆ ನನ್ನ ತಾಯಿ ಹೀಗೆಂದಾಗ ನಾನು ಪತ್ರಿಕೆಯಿಂದ ತಲೆಯೆತ್ತಲಿಲ್ಲ. ವಯಸ್ಸಾದವರು ದಿನಕ್ಕೊಮ್ಮೆ ಆಡುವ ಮಾತುಗಳಲ್ಲಿ ಇದೂ ಒಂದೆಂದು “ಹೂಂ” ಎಂದು ಸುಮ್ಮನಾದೆ. ಆದರೆ ಸ್ವಲ್ಪ ಹೊತ್ತಿನ ಮೇಲೆ ಆ ಮಾತು ನನ್ನನ್ನು ಚುಚ್ಚತೊಡಗಿತು. ಏಕೆಂದರೆ ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವುದೆಂಬುದು ಕೇವಲ ಒಂದು ಕೆಲಸವಲ್ಲ. ಅದು ನನ್ನ ತಾಯಿಯ ರಾಜ್ಯ. ನನ್ನಾಕೆ ಬೆಳಿಗ್ಗೆ ಎಂಟೂವರೆಗೆ ಕಚೇರಿಗೆ ಹೊರಡಬೇಕು. ನಾನು ಒಂಬತ್ತಕ್ಕೆ ಕಾಲೇಜಿಗೆ. ಅಡಿಗೆ ಆಕೆಯದು, ಹೆಚ್ಚುವುದು ಅತ್ತೆಯದು ಎಂದು ಮದುವೆಯಾದ ಮೊದಲ ವಾರದಲ್ಲೇ ಯಾರೂ ಬರೆಯದ ಒಪ್ಪಂದವೊಂದು ಅವರಿಬ್ಬರಲ್ಲಿ ಏರ್ಪಟ್ಟಿತ್ತು. ಪಲ್ಯಕ್ಕೆ ಬೇರೆ ಅಳತೆ, ಹುಳಿಗೆ ಬೇರೆ ಅಳತೆ, ಕೋಸಂಬರಿಗೆ ಮತ್ತೂ ಬೇರೆ. ಕನ್ನಡದಲ್ಲಿ ‘ಹೆಚ್ಚು’ ಎಂದರೆ ಕತ್ತರಿಸು ಎಂದೂ ಹೌದು, ಅಧಿಕವಾಗು ಎಂದೂ ಹೌದು. ನಾಲ್ಕು ಕಾಯನ್ನು ಬಟ್ಟಲು ತುಂಬ ಮಾಡುವ ನನ್ನ ತಾಯಿಯ ಕೈಯನ್ನು ನೋಡಿದರೆ ಈ ಎರಡು ಅರ್ಥಗಳೂ ಒಂದೇ ಎನಿಸುತ್ತಿತ್ತು.

ಅಂಥವರು ಸಿಂಹಾಸನವನ್ನು ತಾವಾಗಿಯೇ ಬಿಟ್ಟು ಇಳಿಯುವುದೆಂದರೇನು? ಎದ್ದು ಒಳಗೆ ಹೋಗಿ ನೋಡಿದೆ. ಅವರ ಎಡಗೈಯ ತೋರುಬೆರಳಿಗೆ ಅರಿಸಿನ ಮೆತ್ತಿ ಬಟ್ಟೆಯ ಚೂರು ಸುತ್ತಿತ್ತು. ಹಿಂದಿನ ಸಂಜೆ ಟೊಮೇಟೊ ಹೆಚ್ಚುವಾಗ ಚಾಕು ಸಿಪ್ಪೆಯ ಮೇಲೆ ಜಾರಿ ಬೆರಳಿಗೆ ಬಂದಿತ್ತಂತೆ. ನಮಗೆ ತಿಳಿಯಬಾರದೆಂದು ಸೆರಗಿನಲ್ಲಿ ಮುಚ್ಚಿಕೊಂಡೇ ಊಟ ಬಡಿಸಿದ್ದರು.

ನನಗೆ ಮೊದಲು ಬಂದದ್ದು ಕೋಪ. ಕೋಪ ಬಂದ ಗಂಡಸು ಸಾಮಾನ್ಯವಾಗಿ ಅಂಗಡಿಗೆ ಹೋಗುತ್ತಾನೆ. ನಾನೂ ಚಪ್ಪಲಿ ಮೆಟ್ಟಿ, “ಒಂದು ಒಳ್ಳೆಯ ಚಾಕು ತರುತ್ತೇನೆ” ಎಂದೆ.

“ತನ್ನಿ. ಎರಡು ವರ್ಷದಲ್ಲಿ ಇದು ಮೂರನೆಯದಾಗುತ್ತೆ. ಹಳೆಯವು ಡ್ರಾಯರಿನಲ್ಲೇ ಇವೆ, ಜೊತೆಗೆ ಹಾಕೋಣ” ಎಂದಳು ನನ್ನಾಕೆ.

ಅಷ್ಟರಲ್ಲಿ ಬೀದಿಯಲ್ಲಿ ಸಾಣೆ ಹಿಡಿಯುವವರ ಕೂಗು ಕೇಳಿಸಿತು. ನಮ್ಮ ಮೈಸೂರಿನ ಬಡಾವಣೆಗಳಲ್ಲಿ ಈ ಕೂಗು ಈಗ ಅಪರೂಪವಾಗಿದೆ. ಆದರೂ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ವೃದ್ಧರೊಬ್ಬರು ಸೈಕಲ್ಲಿಗೆ ಸಾಣೆಕಲ್ಲನ್ನು ಕಟ್ಟಿಕೊಂಡು ಬರುತ್ತಾರೆ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲು ತುಳಿದರೆ ಕಲ್ಲು ತಿರುಗುತ್ತದೆ. ಡ್ರಾಯರಿನಲ್ಲಿದ್ದ ನಾಲ್ಕು ಚಾಕುಗಳನ್ನೂ ಬಾಚಿಕೊಂಡು ಕೆಳಗೆ ಓಡಿದೆ.

ಅವರು ಒಂದೊಂದನ್ನೂ ತೆಗೆದು, ಅಲಗನ್ನು ಮೇಲೆ ಮಾಡಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಬಳಿಕ ನನ್ನನ್ನು ಹತ್ತಿರ ಕರೆದು ತೋರಿಸಿದರು: ಅಲಗಿನ ಉದ್ದಕ್ಕೂ ಅಲ್ಲಲ್ಲಿ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಮಿನುಗುತ್ತಿದ್ದವು.

“ಚೂಪಾದ ಅಲಗಿನ ಮೇಲೆ ಬೆಳಕು ಕೂರೋದಿಲ್ಲ ಸಾರ್. ಕೂತಿದೆ ಅಂದರೆ ಅಲ್ಲಿ ಮೊಂಡಾಗಿದೆ ಅಂತ. ತರಕಾರಿ ಹೆಚ್ಚಿ ಸವೆದಿದ್ದರೆ ಒಂದೇ ಸಮನಾಗಿ ಸವೆಯೋದು. ಇದು ಹಾಗಲ್ಲ, ಏಟು ತಿಂದು ಮೊಂಡಾಗಿರೋದು. ಎಲ್ಲಿ ಇಡ್ತೀರಿ ಇದನ್ನ?”

ನಾನು ಉತ್ತರಿಸಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಯಾವ ವಿದ್ಯಾರ್ಥಿಗೂ ಕೇಳಿದವನಲ್ಲ.

ಮೇಲೆ ಬಂದು ಆ ಡ್ರಾಯರನ್ನು ಎಳೆದು ನೋಡಿದೆ. ಸೌಟುಗಳು ಮೂರು, ಜಾಲರಿ ಸೌಟು ಒಂದು, ಲಟ್ಟಣಿಗೆ, ಇಕ್ಕಳ, ನಿಂಬೆಹಣ್ಣು ಹಿಂಡುವ ಸಾಧನ, ತುರಿಯುವ ಮಣೆ, ಲೆಕ್ಕವಿಲ್ಲದಷ್ಟು ಚಮಚಗಳು. ಇವುಗಳ ನಡುವೆ ನಮ್ಮ ಚಾಕುಗಳ ವಾಸ. ಡ್ರಾಯರನ್ನು ಎಳೆದರೆ ಎಲ್ಲವೂ ಮುಂದಕ್ಕೆ ಜಾರಿ ಢಣಾರೆನ್ನುತ್ತವೆ, ನೂಕಿದರೆ ಹಿಂದಕ್ಕೆ. ದಿನಕ್ಕೆ ಇಪ್ಪತ್ತು ಸಲವಾದರೂ ಆ ಡ್ರಾಯರು ತೆರೆದು ಮುಚ್ಚುತ್ತದೆ. ನಮ್ಮ ಚಾಕು ತರಕಾರಿಯೊಡನೆ ದಿನಕ್ಕೆ ಅರ್ಧ ಗಂಟೆ ಸೆಣಸಿದರೆ, ಉಳಿದ ಇಪ್ಪತ್ತಮೂರೂವರೆ ಗಂಟೆ ಸೌಟುಗಳೊಡನೆ ಕಾದುತ್ತಿತ್ತು. ತರಕಾರಿಯ ಯುದ್ಧದಲ್ಲಿ ಗೆಲ್ಲುತ್ತಿದ್ದ ವೀರ ಸೌಟಿನ ಯುದ್ಧದಲ್ಲಿ ಸೋತಿದ್ದ.

ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಸ್ನೇಹಿತರೊಬ್ಬರಲ್ಲಿ ಈ ಸಂಗತಿಯನ್ನು ಹೇಳಿದೆ. ಅವರು ನಗದೆ ವಿವರಿಸಿದರು. ಚೆನ್ನಾಗಿ ಹರಿತವಾದ ಚಾಕುವಿನ ಅಲಗು ತನ್ನ ತುದಿಯಲ್ಲಿ ಸುಮಾರು ಒಂದು ಮೈಕ್ರಾನಿನಷ್ಟು, ಒಮ್ಮೊಮ್ಮೆ ಅದಕ್ಕಿಂತಲೂ ತೆಳುವಾಗಿರುತ್ತದೆ. ಮೈಕ್ರಾನೆಂದರೆ ಮಿಲಿಮೀಟರಿನ 1000ದಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 50ರಿಂದ 100 ಮೈಕ್ರಾನ್! ಕೂದಲಿಗಿಂತ ಐವತ್ತು ಪಟ್ಟು ತೆಳುವಾದ ಲೋಹದ ಅಂಚೊಂದು ಸೌಟಿನ ಕಾವಿಗೆ ತಗುಲಿದರೆ ಏನಾದೀತು? ಮೆತ್ತನೆಯ ಉಕ್ಕಾದರೆ ಅಂಚು ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಗಡುಸಾದ ಉಕ್ಕಾದರೆ ಸಣ್ಣ ಚಕ್ಕೆ ಹಾರುತ್ತದೆ. ತಟ್ಟೆ ಸೌಟುಗಳ ಸ್ಟೀಲು ಚಾಕುವಿನ ಸ್ಟೀಲಿಗಿಂತ ಮೃದುವೇ. ಆದರೂ ಅಷ್ಟು ತೆಳುವಾದ ಅಂಚನ್ನು ಬಗ್ಗಿಸಲು ಆ ಪೆಟ್ಟು ಸಾಕು. ಗಾಜು, ಪಿಂಗಾಣಿ, ಅಡಿಗೆಮನೆಯ ಗ್ರಾನೈಟು ಕಟ್ಟೆ ಇವುಗಳ ಮಾತಂತೂ ಬೇಡ. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಕಣಗಳು ಚಾಕುವಿನ ಉಕ್ಕಿಗಿಂತ ಗಟ್ಟಿ.

ಅಂಚು ಮಡಚಿದ ಚಾಕು ಟೊಮೇಟೊದ ನುಣುಪಾದ ಸಿಪ್ಪೆಯನ್ನು ಕಚ್ಚಲಾರದು; ಜಾರುತ್ತದೆ. ಕಚ್ಚಲಿಲ್ಲವೆಂದು ನಾವು ಇನ್ನಷ್ಟು ಬಲವಾಗಿ ಒತ್ತುತ್ತೇವೆ. ಆ ಬಲವೆಲ್ಲ ಜಾರಿದ ಚಾಕುವಿನೊಡನೆ ಬೆರಳಿಗೆ ಬರುತ್ತದೆ. ಹರಿತವಾದ ಚಾಕಿಗಿಂತ ಮೊಂಡು ಚಾಕೇ ಅಪಾಯವೆಂದು ತಿಳಿದವರು ಹೇಳುವುದು ಈ ಕಾರಣದಿಂದ.

ಕನ್ನಡದ ಮೇಷ್ಟರಾದ ನನಗೆ ಇಲ್ಲಿ ಒಂದು ಮಾತು ಹೊಳೆಯಿತು. ‘ಮೊಂಡು’ ಎಂಬ ಶಬ್ದವನ್ನು ನಾವು ಚಾಕಿಗೂ ಹೇಳುತ್ತೇವೆ, ಹಟಮಾರಿ ಮಗುವಿಗೂ ಹೇಳುತ್ತೇವೆ. ಮಗು ಮೊಂಡಾದರೆ ಅದರ ಹುಟ್ಟುಗುಣವೆನ್ನುತ್ತೇವೆಯೇ ಹೊರತು, ಅದು ಎಲ್ಲಿ, ಯಾರ ನಡುವೆ, ಎಷ್ಟು ಏಟು ತಿಂದು ಬೆಳೆಯಿತೆಂದು ವಿಚಾರಿಸುವುದಿಲ್ಲ. ಚಾಕಿಗೂ ನಾವು ಅದೇ ನ್ಯಾಯ ಮಾಡುತ್ತೇವೆ. ‘ಒರೆ’ ಎಂಬ ಶಬ್ದವಂತೂ ಇನ್ನೂ ಸೊಗಸು. ಚಿನ್ನವನ್ನು ತಿಕ್ಕಿ ಪರೀಕ್ಷಿಸುವುದೂ ಒರೆ, ಕತ್ತಿಯನ್ನು ಇಡುವ ಕವಚವೂ ಒರೆ. ಕತ್ತಿಯ ನಿಜವಾದ ಪರೀಕ್ಷೆ ರಣರಂಗದಲ್ಲಲ್ಲ, ಒರೆಯಲ್ಲೇ ಎಂದು ನಮ್ಮ ಹಿರಿಯರು ಕಂಡುಕೊಂಡಿದ್ದರೋ ಏನೋ! ಒಂದೇ ಒರೆಯಲ್ಲಿ ಎರಡು ಕತ್ತಿ ಇರಬಾರದೆಂಬ ಗಾದೆಯನ್ನು ನಾನು ಇಷ್ಟು ದಿನ ರಾಜಕಾರಣಕ್ಕೂ ಸವತಿಯರ ಜಗಳಕ್ಕೂ ಹೊಂದಿಸಿ ಪಾಠ ಹೇಳುತ್ತಿದ್ದೆ. ಅದು ಮೊದಲಿಗೆ ಲೋಹದ ಬಗೆಗೆ ಆಡಿದ ನೇರವಾದ ಮಾತೆಂಬುದು ನನಗೆ ತಿಳಿದದ್ದು ಈ ಡ್ರಾಯರಿನಿಂದ.

ಉಕ್ಕಿನ ಬಗೆಗೆ ಕನ್ನಡಿಗರಾದ ನಾವು ಉದಾಸೀನರಾಗುವುದು ಸರಿಯೂ ಅಲ್ಲ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಭಾರತದ ಒಂದು ವಿಶೇಷ ಉಕ್ಕಿನ ವಿಚಾರವನ್ನು ಮಂಡಿಸಿ ಅದನ್ನು ‘ವೂಟ್ಸ್’ ಎಂದು ಕರೆದರು. ಈ ಹೆಸರು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮುಂದೆ ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ಪ್ರಸಿದ್ಧರಾದ ಮೈಕೇಲ್ ಫ್ಯಾರಡೇ ಕೂಡ ಲಂಡನ್ನಿನಲ್ಲಿ ಚಾಕು ಕತ್ತರಿಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟರೊಡನೆ ಸೇರಿ ಈ ಉಕ್ಕನ್ನು ಪರೀಕ್ಷಿಸಿದರು. ಜಗತ್ತಿಗೇ ಉಕ್ಕಿನ ಹೆಸರನ್ನು ಕೊಟ್ಟ ನುಡಿಯವರು ನಾವು; ಚಾಕನ್ನು ಎಲ್ಲಿಡಬೇಕೆಂದು ತಿಳಿಯದೆ ಸೌಟುಗಳ ನಡುವೆ ಎಸೆಯುವವರೂ ನಾವೇ.

ಹಾಗೆಂದು ಹಿಂದಿನವರಿಗೆ ಇದು ತಿಳಿಯದ ವಿದ್ಯೆಯೇನೂ ಅಲ್ಲ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಈಳಿಗೆಮಣೆ ಇತ್ತು; ಕರಾವಳಿಯವರು ಇದನ್ನೇ ಮೆಟ್ಟುಗತ್ತಿ ಎನ್ನುತ್ತಾರೆ. ಕೆಲಸ ಮುಗಿದೊಡನೆ ಅಜ್ಜಿ ಅದನ್ನು ಒರೆಸಿ, ಅಡ್ಡ ಮಲಗಿಸಿ, ಅಲಗನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು. ಈಳಿಗೆಮಣೆಯನ್ನು ನಿಲ್ಲಿಸಿ ಬಿಟ್ಟರೆ ಮನೆಗೆ ಒಳ್ಳೆಯದಲ್ಲವೆಂದು ಗದರಿಸುತ್ತಿದ್ದರು. ಅದನ್ನು ಮೂಢನಂಬಿಕೆಯೆಂದು ನಾನು ಹೈಸ್ಕೂಲಿನ ದಿನಗಳಲ್ಲಿ ನಕ್ಕಿದ್ದುಂಟು. ಮಕ್ಕಳ ಕಾಲಿಗೂ ಕ್ಷೇಮ, ಅಲಗಿಗೂ ಕ್ಷೇಮ ಎಂಬ ಎರಡು ಕಾರಣಗಳನ್ನು ಒಂದು ಗದರಿಕೆಯಲ್ಲಿ ಅಡಗಿಸಿದ್ದ ಅಜ್ಜಿ ನನಗಿಂತ ಜಾಣೆ. ಕ್ಷೌರಿಕರ ಹಳೆಯ ಕತ್ತಿಯನ್ನು ನೆನೆಯಿರಿ. ಕೆಲಸವಾದ ಮರುಕ್ಷಣವೇ ಅದು ತನ್ನ ಹಿಡಿಯೊಳಗೆ ಮಡಚಿ ಸೇರುತ್ತಿತ್ತು. ತೋಟಕ್ಕೆ ಹೋಗುವ ಆಳು ಕತ್ತಿಯನ್ನು ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸುತ್ತಾನೆಯೇ ಹೊರತು ಬುಟ್ಟಿಗೆ ಎಸೆಯುವುದಿಲ್ಲ. ಕೊಡವರ ಪೀಚೆಕತ್ತಿಗೆ ಬೆಳ್ಳಿಯ ಕೆಲಸದ ಒರೆ. ಆಯುಧವಿದ್ದವರೆಲ್ಲ ಅದಕ್ಕೊಂದು ಮನೆ ಮಾಡಿಕೊಟ್ಟಿದ್ದರು. ಈಳಿಗೆಮಣೆಯಿಂದ ಎದ್ದು ಕಟ್ಟೆಯ ಮುಂದೆ ನಿಂತ ನಾವು ಚಾಕನ್ನು ಕೊಂಡೆವು. ಒರೆಯನ್ನು ಕೊಳ್ಳಲು ಮರೆತೆವು.

ಇಷ್ಟು ತಿಳಿದ ಮೇಲೆ ಸುಮ್ಮನಿರುವುದು ಹೇಗೆ? ಆ ವಾರ ನಾನು ಮಾಡಿದ ಪ್ರಯೋಗಗಳನ್ನೂ ತಿಳಿದುಕೊಂಡ ಸಂಗತಿಗಳನ್ನೂ ಓದುಗರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ.

ಎಲ್ಲಕ್ಕಿಂತ ಅಗ್ಗದ ಉಪಾಯ ರಟ್ಟಿನ ಒರೆ. ಉತ್ತರಪತ್ರಿಕೆಗಳ ಕಟ್ಟಿನ ಮೇಲೂ ಕೆಳಗೂ ಬರುವ ದಪ್ಪ ರಟ್ಟು ನನ್ನಲ್ಲಿ ಬೇಕಾದಷ್ಟಿತ್ತು. ಚಾಕುವಿನ ಅಲಗಿಗಿಂತ ಒಂದು ಬೆರಳು ಉದ್ದವಾಗಿಯೂ, ಅಗಲದ ಎರಡರಷ್ಟಕ್ಕಿಂತ ತುಸು ಹೆಚ್ಚಾಗಿಯೂ ರಟ್ಟನ್ನು ಕತ್ತರಿಸಿ ನಡುವೆ ಮಡಚಬೇಕು. ಚಾಕುವಿನ ಬೆನ್ನು ಮಡಿಕೆಯ ಕಡೆಗಿರಲಿ. ಅಲಗಿನ ಕಡೆ ಒಂದು ತೆಳು ರಟ್ಟಿನ ಪಟ್ಟಿಯನ್ನು ನಡುವೆ ಇಟ್ಟು ಅಂಟಿಸಿ, ಹೊರಗೆ ಟೇಪು ಸುತ್ತಿದರೆ ಒರೆ ಸಿದ್ಧ. ಈ ಒರೆ ಹಾಕಿದ ಚಾಕು ಡ್ರಾಯರಿನಲ್ಲಿ ಸೌಟುಗಳ ಪಕ್ಕದಲ್ಲೇ ಮಲಗಿದರೂ ಚಿಂತೆಯಿಲ್ಲ. ರಟ್ಟು ಕೊಳೆಯಾದರೆ ಎಸೆದು ಹೊಸದು ಮಾಡಬಹುದು. ಉತ್ತರಪತ್ರಿಕೆಗಳಿಗೆ ನಮ್ಮ ದೇಶದಲ್ಲಿ ಬರವಿಲ್ಲ.

ಮರದ ಗೂಡುಗಳನ್ನು ಅಂಗಡಿಯಲ್ಲಿ ಮಾರುತ್ತಾರೆ. ಅವು ಒಳ್ಳೆಯವೇ, ಆದರೆ ಚಾಕನ್ನು ಸೇರಿಸುವಾಗ ಅಲಗನ್ನು ಮರಕ್ಕೆ ಉಜ್ಜುತ್ತ ನೂಕಬಾರದು. ಬೆನ್ನನ್ನು ಮರಕ್ಕೆ ಆನಿಸಿ ಜಾರಿಸಬೇಕು. ಒದ್ದೆ ಚಾಕನ್ನು ಗೂಡಿಗೆ ಹಾಕಿದರೆ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಗೋಡೆಗೆ ಹೊಡೆಯುವ ಅಯಸ್ಕಾಂತದ ಪಟ್ಟಿಯೂ ಚೆನ್ನ. ಗಾಳಿಯಾಡುತ್ತದೆ, ಕಣ್ಣಿಗೆ ಕಾಣುತ್ತದೆ. ಅಲ್ಲಿಯೂ ಮೊದಲು ಬೆನ್ನನ್ನು ತಗುಲಿಸಿ ಆಮೇಲೆ ಅಲಗನ್ನು ಮೆಲ್ಲನೆ ಹೊರಳಿಸಬೇಕು. ತೆಗೆಯುವಾಗ ಮೊದಲು ಅಲಗನ್ನು ಎತ್ತಿ, ಬೆನ್ನನ್ನು ಕೊನೆಗೆ ಬಿಡಿಸಬೇಕು. ಫಟ್ಟೆಂದು ಅಂಟಿಸಿದರೆ ಡ್ರಾಯರಿನ ಕಥೆಯೇ ಗೋಡೆಯ ಮೇಲೂ ನಡೆಯುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಪಟ್ಟಿ ಅವರ ಕೈಗೆ ಎಟುಕದಷ್ಟು ಎತ್ತರದಲ್ಲಿರಬೇಕೆಂದು ಬೇರೆ ಹೇಳಬೇಕಿಲ್ಲ. ನಮ್ಮ ಐದು ವರ್ಷದ ಮಗಳು ಕುರ್ಚಿ ಹತ್ತಲು ಕಲಿತಿರುವುದರಿಂದ ನಾವು ರಟ್ಟಿನ ಒರೆಗೇ ನಿಂತೆವು.

ಚಾಕಿಗೆ ಎರಡನೆಯ ಶತ್ರು ನೀರು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದೇ ಇಲ್ಲವೆಂದು ನಾವು ನಂಬಿದ್ದೇವೆ. 1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿದ ಉಕ್ಕನ್ನು ಎರಕ ಹೊಯ್ದು, ಅದು ಚಾಕುಗಳಿಗೆ ಒದಗುವುದೆಂದು ಕಂಡುಕೊಂಡಂದಿನಿಂದ ಅಡಿಗೆಮನೆಗಳು ಬದಲಾದವು ನಿಜ. ಶೇಕಡಾ 10.5ಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಸೇರಿದ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರವೊಂದು ಏರ್ಪಟ್ಟು ಅದನ್ನು ಕಾಯುತ್ತದೆ. ಆದರೆ ಉಪ್ಪು, ಹುಣಿಸೆ, ನಿಂಬೆಯ ರಸ ಇವು ಮೆತ್ತಿದ ಚಾಕನ್ನು ರಾತ್ರಿಯಿಡೀ ಎಂಜಲು ಪಾತ್ರೆಗಳ ಬಚ್ಚಲಿನಲ್ಲಿ ನೆನೆಹಾಕಿದರೆ ಆ ಕಾವಲೂ ಸೋಲುತ್ತದೆ. ತೆಳುವಾದ ಅಂಚೇ ಮೊದಲು ಕೆಡುತ್ತದೆ. ಆದ್ದರಿಂದ ಚಾಕನ್ನು ಪಾತ್ರೆಗಳೊಡನೆ ಹಾಕಬೇಡಿ. ಹೆಚ್ಚಿದ ಕೂಡಲೇ ಅದೊಂದನ್ನೇ ತೊಳೆದು, ಬೆನ್ನಿನ ಕಡೆಯಿಂದ ಬಟ್ಟೆ ಹಿಡಿದು ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಒರೆಗೆ ಸೇರಿಸಿ. ಬಚ್ಚಲಿನ ನೊರೆಯೊಳಗೆ ಕಾಣದೆ ಬಿದ್ದಿರುವ ಚಾಕು ಪಾತ್ರೆ ತೊಳೆಯುವವರ ಕೈಯನ್ನೂ ಕಾಯುವುದಿಲ್ಲ.

ಈ ತೇವದ ಪಾಠವನ್ನು ನಾನು ಕಲಿತದ್ದು ಅಟ್ಟದ ಮೇಲೆ. ನನ್ನ ತಂದೆಯವರು ಊರಿನ ಕಮ್ಮಾರನಿಂದ ಲಾರಿಯ ಹಳೆಯ ಸ್ಪ್ರಿಂಗು ಪಟ್ಟಿಯನ್ನು ಬಡಿಸಿ ಮಾಡಿಸಿದ ಚಾಕೊಂದಿತ್ತು. ತಾಯಿ ಊರು ಬಿಟ್ಟು ಬರುವಾಗ ಅದನ್ನು ತಂದಿದ್ದರು. ಕಪ್ಪಗೆ, ಒರಟಾಗಿ, ನಮ್ಮ ಹೊಳೆಯುವ ಕಟ್ಟೆಗೆ ಒಪ್ಪುವುದಿಲ್ಲವೆಂದು ನಾನೇ ಅದನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಈಳಿಗೆಮಣೆಯ ಜೊತೆಗೆ ಅಟ್ಟಕ್ಕೇರಿಸಿದ್ದೆ. ಆ ಭಾನುವಾರ ಅದನ್ನು ಇಳಿಸಿ ಬಿಚ್ಚಿದರೆ ಕೆಂಪು ತುಕ್ಕು! ಕಾಗದ ಗಾಳಿಯ ತೇವವನ್ನು ಹೀರಿತ್ತು; ಪ್ಲಾಸ್ಟಿಕ್ಕು ಅದನ್ನು ಹೊರಗೆ ಬಿಟ್ಟಿರಲಿಲ್ಲ. ಕ್ರೋಮಿಯಂ ಇಲ್ಲದ ಇಂಥ ಉಕ್ಕನ್ನು ಬಹುಕಾಲ ಇಡುವುದಾದರೆ ಚೆನ್ನಾಗಿ ಒಣಗಿಸಿ, ಕೊಬ್ಬರಿ ಎಣ್ಣೆಯ ತೆಳುವಾದ ಲೇಪ ಕೊಟ್ಟು, ಗಾಳಿಯಾಡುವ ಕಡೆ ಇಡಬೇಕು. ಆಗಾಗ ತೆಗೆದು ನೋಡಬೇಕು. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡುವುದೂ ಒಳ್ಳೆಯದಲ್ಲ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಹದ ಮಾಡಿದ ದ್ರವ್ಯಗಳೂ ಉಕ್ಕಿಗೆ ಆಗುವುದಿಲ್ಲ.

ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಿ ಆ ಚಾಕನ್ನು ಬೆಳಗಿದೆ. ಸಾಣೆಯವರು ಬೀದಿಯ ಕೊನೆಯ ಮನೆಯ ಮುಂದೆ ಇನ್ನೂ ಇದ್ದರು. ಚಾಕನ್ನು ಕೈಗೆ ತೆಗೆದುಕೊಂಡು, ಉಗುರಿನಿಂದ ತಟ್ಟಿ ಸದ್ದು ಕೇಳಿ, “ಇದು ಚಾಕು” ಎಂದರು. ಉಳಿದ ನಾಲ್ಕು ಏನೆಂದು ನಾನು ಕೇಳಲಿಲ್ಲ. ಸಾಣೆ ಹಿಡಿದಷ್ಟೂ ಉಕ್ಕು ಸವೆಯುತ್ತದೆ, ಒರೆಯಲ್ಲಿ ಇಟ್ಟರೆ ವರ್ಷಕ್ಕೊಂದೆರಡು ಸಲ ಹಿಡಿದರೆ ಸಾಕು ಎಂದೂ ಹೇಳಿದರು. ತಮ್ಮ ವ್ಯಾಪಾರಕ್ಕೆ ನಷ್ಟವಾಗುವ ಮಾತನ್ನು ತಾವಾಗಿಯೇ ಹೇಳುವ ಮನುಷ್ಯನನ್ನು ಕಂಡು ಬಹಳ ದಿನವಾಗಿತ್ತು.

ಮರುದಿನ ಬೆಳಿಗ್ಗೆ ನನ್ನಾಕೆ ಏನೂ ಹೇಳದೆ ಹುರುಳಿಕಾಯಿಯ ತಟ್ಟೆಯನ್ನೂ ಮರದ ಹಲಗೆಯನ್ನೂ ಆ ಚಾಕನ್ನೂ ಊಟದ ಮೇಜಿನ ಮೇಲೆ ಇಟ್ಟು ಒಳಗೆ ಹೋದಳು. ತಾಯಿ ಸ್ವಲ್ಪ ಹೊತ್ತು ನೋಡಿದರು. ಅರಿಸಿನದ ಬೆರಳನ್ನು ದೂರವಿಟ್ಟು ಒಂದು ಕಾಯನ್ನು ಹೆಚ್ಚಿದರು. ಆಮೇಲೆ ನಾಲ್ಕನ್ನು ಒಟ್ಟಿಗೆ ಹಿಡಿದರು. ಸ್ವಲ್ಪ ಹೊತ್ತಿಗೆಲ್ಲ ಹಲಗೆಯ ಮೇಲಿನ ಸದ್ದು ಒಂದೇ ಲಯಕ್ಕೆ ಬಂದಿತು. ನಾನು ಬಾಲ್ಯದಿಂದ ಕೇಳುತ್ತ ಬಂದ ಸದ್ದು.

“ನಿಮ್ಮಪ್ಪ ಮಾಡಿಸಿದ್ದಲ್ಲವೇನೋ ಇದು? ಎಲ್ಲಿತ್ತು ಇಷ್ಟು ದಿನ?” ಎಂದರು.

“ಅಟ್ಟದ ಮೇಲೆ, ಅಮ್ಮ.”

“ನೀನೇ ಹಾಕಿದ್ದು ತಾನೆ?”

ಹೌದು, ನಾನೇ. ಡ್ರಾಯರಿನ ವಿಷಯವೂ ಅಷ್ಟೇ. ಪುಸ್ತಕದ ಪಾರ್ಸೆಲು ಬಿಚ್ಚಲು ಅಡಿಗೆಯ ಚಾಕನ್ನೇ ತೆಗೆದುಕೊಂಡು ಹೋಗಿ, ಮರಳಿ ಸೌಟುಗಳ ಮೇಲೆ ಎಸೆಯುತ್ತಿದ್ದವನು ಈ ಮನೆಯಲ್ಲಿ ಒಬ್ಬನೇ. ಆ ನನ್ನ ಅಜಾಗರೂಕತೆಯ ಫಲವನ್ನು ತಾಯಿ ತಮ್ಮ ಕೈಯ ದೋಷವೆಂದು ತಿಳಿದು, ಸದ್ದಿಲ್ಲದೆ ಕೆಲಸ ಬಿಡಲು ಸಿದ್ಧರಾಗಿದ್ದರು. ಮನೆಯ ಹಿರಿಯರು ತಮ್ಮಿಂದ ಆಗದೆಂದು ಹೇಳುವ ಎಷ್ಟು ಕೆಲಸಗಳ ಹಿಂದೆ ಹೀಗೆ ನಾವು ಕೆಡಿಸಿಟ್ಟ ಸಲಕರಣೆಯೊಂದು ಇದೆಯೋ ಬಲ್ಲವರಾರು?

ನನ್ನ ತಾಯಿಗೆ ವಯಸ್ಸಾಗುತ್ತಿಲ್ಲವೆಂದು ನಾನು ಹೇಳುವುದಿಲ್ಲ. ಅವರ ಕೈಯಲ್ಲಿ ನಿಜವಾಗಿಯೂ ಕಸುವು ಕುಗ್ಗುವ ದಿನ ಬಂದೇ ಬರುತ್ತದೆ. ಆದರೆ ಆ ದಿನವನ್ನು ಕಾಲ ಗೊತ್ತುಮಾಡಲಿ, ನಮ್ಮ ಮನೆಯ ಡ್ರಾಯರು ಗೊತ್ತುಮಾಡಬಾರದು.

ಇಂದು ಸಂಜೆ ತಾವೂ ಒಮ್ಮೆ ಅಡಿಗೆಮನೆಯ ಚಾಕನ್ನು ದೀಪದ ಬೆಳಕಿಗೆ ಹಿಡಿದು ನೋಡಿ. ಅಲಗಿನ ಮೇಲೆ ಬೆಳಕು ಕೂತಿದ್ದರೆ ಅಂಗಡಿಗೆ ಓಡಬೇಡಿ. ಅದು ರಾತ್ರಿ ಎಲ್ಲಿ ಮಲಗುತ್ತದೆಂದು ಮೊದಲು ವಿಚಾರಿಸಿ.